ಗಾಜಿನ ಮೀನುತೊಟ್ಟಿಗಳ ಜೋಡಣೆ: ರಂಧ್ರ ಕೊರೆಯುವ ಮುನ್ನ

ಅಲಂಕಾರಿಕ ಮೀನು ಸಾಕಣೆಗೆ ಎಕರೆಗಟ್ಟಲೆ ಜಮೀನು ಬೇಕಿಲ್ಲ. ಹಿತ್ತಲಿನಲ್ಲಿ ಒಂದು ತಗಡಿನ ಮಾಡು ಅಥವಾ ಬಳಕೆಯಿಲ್ಲದ ಒಂದು ಕೋಣೆ, ದಿನಕ್ಕೆ ಒಂದೆರಡು ಗಂಟೆಗಳ ಬಿಡುವು ಇದ್ದರೆ ಮನೆಯ ಹೆಣ್ಣುಮಕ್ಕಳೇ ನಡೆಸಬಹುದಾದ ಉಪಕಸುಬು ಇದು. ತುಮಕೂರು ನಗರ, ಗುಬ್ಬಿ ಮತ್ತು ಕುಣಿಗಲ್ ಭಾಗದವರಿಗೆ ಬೆಂಗಳೂರಿನ ಮಾರುಕಟ್ಟೆ ಹತ್ತಿರವಿರುವುದು ಮತ್ತೊಂದು ಅನುಕೂಲ. 2020ರಲ್ಲಿ ಪ್ರಾರಂಭವಾದ ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಹಿತ್ತಲಿನ ಅಲಂಕಾರಿಕ ಮೀನು ಘಟಕಕ್ಕೆ 3 ಲಕ್ಷ ರೂಪಾಯಿಗಳ ಘಟಕ ವೆಚ್ಚವನ್ನು ಗೊತ್ತುಪಡಿಸಿ, ಸಾಮಾನ್ಯ ವರ್ಗದವರಿಗೆ ಶೇ. 40, ಮಹಿಳೆಯರಿಗೆ ಹಾಗೂ ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ. 60ರಷ್ಟು ಸಹಾಯಧನವನ್ನು ಇಡಲಾಯಿತು.

ಒಂದೆರಡು ತೊಟ್ಟಿಗಳಿರುವವರೆಗೆ ಬಕೆಟ್ಟಿನಲ್ಲಿ ನೀರು ಬದಲಾಯಿಸಿ ಕಾಲ ಕಳೆಯಬಹುದು. ತೊಟ್ಟಿಗಳು ನಾಲ್ಕು, ಆರು ಎಂದು ಹೆಚ್ಚಿದಂತೆ ಅವನ್ನೆಲ್ಲ ಪೈಪಿನಿಂದ ಜೋಡಿಸಿ, ಒಂದೇ ಪಂಪು ಮತ್ತು ಒಂದೇ ಸೋಸುವ ವ್ಯವಸ್ಥೆಯಲ್ಲಿ ನಡೆಸುವುದು ಅನಿವಾರ್ಯವಾಗುತ್ತದೆ. ಮೇಲೆ ಸಾಲಾಗಿ ತೊಟ್ಟಿಗಳು, ಕೆಳಗೆ ನೆಲದ ಮೇಲೆ ಒಂದು ಸಂಪು. ಪಂಪು ಸಂಪಿನ ನೀರನ್ನು ಮೇಲಕ್ಕೆ ಕಳಿಸುತ್ತದೆ. ತೊಟ್ಟಿಗಳಲ್ಲಿ ಹೆಚ್ಚಾದ ನೀರು ಗಾಜಿಗೆ ಕೊರೆದ ರಂಧ್ರದ ಮೂಲಕ ಇಳಿದು, ಸೋಸಿಕೊಂಡು ಮತ್ತೆ ಸಂಪಿಗೆ ಬರುತ್ತದೆ. ನೋಡಲು ಇಷ್ಟೇ.

ಆದರೆ ಹೆಚ್ಚಿನವರು ಮೊದಲು ರಂಧ್ರ ಕೊರೆದು ಪೈಪು ಕೂರಿಸಿ, ಅನಂತರ ನೀರಿನ ಲೆಕ್ಕಕ್ಕೆ ಕೈಹಾಕುತ್ತಾರೆ. ಗಾಜಿನ ರಂಧ್ರವನ್ನು ಎರಡು ಅಂಗುಲ ಮೇಲಕ್ಕೋ ಕೆಳಕ್ಕೋ ಸರಿಸಲು ಬರುವುದಿಲ್ಲ. ಪಂಪು ಓಡುತ್ತಿರುವಾಗ ಎಂಥ ಜೋಡಣೆಯೂ ಚೆನ್ನಾಗಿಯೇ ಕಾಣುತ್ತದೆ. ಕರೆಂಟು ಹೋದಾಗ ನೀರು ಎಲ್ಲಿಗೆ ಬಂದು ನಿಲ್ಲುತ್ತದೆ, ಕರೆಂಟು ಬಂದಾಗ ತಾನಾಗಿ ಮೊದಲಿನ ಸ್ಥಿತಿಗೆ ಮರಳುತ್ತದೆಯೇ ಎಂಬುದೇ ಜೋಡಣೆಯ ನಿಜವಾದ ಪರೀಕ್ಷೆ. ದಿನಕ್ಕೆ ಹಲವು ಬಾರಿ ವಿದ್ಯುತ್ ಕಡಿತವಾಗುವ ಹಳ್ಳಿಗಳಲ್ಲಿ ಈ ಪರೀಕ್ಷೆ ದಿನಕ್ಕೆ ಹಲವು ಬಾರಿ ನಡೆಯುತ್ತದೆ, ಅದೂ ಮನೆಯವರು ಹೊಲದಲ್ಲಿರುವಾಗ ಇಲ್ಲವೆ ನಿದ್ದೆಯಲ್ಲಿರುವಾಗ.

ಕೋಡಿಯೋ, ತೂಬೋ?

ಈ ಸೀಮೆಯ ರೈತರಿಗೆ ವಿಷಯ ಹೊಸದೇನಲ್ಲ. ದೇವರಾಯನದುರ್ಗದ ಬಳಿ ಹುಟ್ಟುವ ಶಿಂಷಾ ಗುಬ್ಬಿ ತಾಲ್ಲೂಕಿನ ಕಡಬದ ಕೆರೆಯ ಮೂಲಕ ಹಾದು, ಮುಂದೆ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯವನ್ನು ಸೇರುತ್ತದೆ. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. ತುಂಬಿದ ಕೆರೆಯ ಮಟ್ಟವನ್ನು ನಿರ್ಧರಿಸುವುದು ಒಳಗೆ ಬರುವ ನೀರಲ್ಲ, ಕೋಡಿಯ ಎತ್ತರ. ಒಳಹರಿವು ನಿಂತರೆ ನೀರು ಕೋಡಿಯ ಮಟ್ಟಕ್ಕೆ ಬಂದು ನಿಲ್ಲುತ್ತದೆ, ಕೆರೆ ಬರಿದಾಗುವುದಿಲ್ಲ. ತೂಬಿನ ಮಾತೇ ಬೇರೆ. ತೂಬು ತೆರೆದು ಮರೆತರೆ ನೀರು ತೂಬಿನ ಮಟ್ಟದವರೆಗೂ ಇಳಿದುಹೋಗುತ್ತದೆ.

ಗಾಜಿನ ತೊಟ್ಟಿಯ ಹಿಂಬದಿಯಲ್ಲಿ, ಮೇಲಂಚಿನ ಸಮೀಪ ಕೊರೆದ ರಂಧ್ರ ಕೋಡಿಯಿದ್ದಂತೆ. ತಳದಲ್ಲಿ ಕೊರೆದದ್ದು ತೂಬು. ಕೋಡಿಯ ರಂಧ್ರದ ರಬ್ಬರು ಸವೆದು ಸೋರಿದರೂ ನೀರು ಆ ಮಟ್ಟಕ್ಕಿಂತ ಕೆಳಗಿಳಿಯದು, ಮೀನು ಉಳಿಯುತ್ತದೆ. ತಳದ ರಂಧ್ರ ಸೋರಿದರೆ ಬೆಳಗಾಗುವಷ್ಟರಲ್ಲಿ ತೊಟ್ಟಿ ಒಣಗಿರುತ್ತದೆ. ಮನೆಯ ಮಟ್ಟದ ಘಟಕಕ್ಕೆ ಕೋಡಿ ಸಾಕು, ತೂಬು ಬೇಡ. ತಳದ ಕಸವನ್ನು ವಾರಕ್ಕೊಮ್ಮೆ ರಬ್ಬರು ಕೊಳವೆಯಿಂದ ಹೀರಿ ತೆಗೆಯುವುದು ಸ್ವಲ್ಪ ಕೈಕೆಲಸ ನಿಜ, ಆದರೆ ಕ್ಷೇಮ.

ಅಕ್ಕಪಕ್ಕದ ತೊಟ್ಟಿಗಳ ಬದಿಯ ಗಾಜಿಗೆ ಕೆಳಭಾಗದಲ್ಲಿ ರಂಧ್ರ ಕೊರೆದು ಪೈಪಿನಿಂದ ಒಂದಕ್ಕೊಂದು ಸೇರಿಸುವ ಪದ್ಧತಿಯೂ ಉಂಟು. ಆಗ ಎಲ್ಲ ತೊಟ್ಟಿಗಳ ನೀರೂ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ, ನೋಟಕ್ಕೆ ಚೆನ್ನ. ಒಂದು ತೊಟ್ಟಿ ಬಿರುಕು ಬಿಟ್ಟರೆ ಎಲ್ಲವೂ ಒಟ್ಟಿಗೆ ಖಾಲಿಯಾಗುತ್ತವೆ. ಕೆರೆ ಸಾಲಿನಂತೆ ಒಂದರ ಕೋಡಿಯನ್ನು ಇನ್ನೊಂದಕ್ಕೆ ಬಿಡುವುದೂ ಅಷ್ಟು ಒಳ್ಳೆಯದಲ್ಲ. ಮೊದಲ ತೊಟ್ಟಿಯ ಮೀನಿನ ಹೊಲಸು ಎರಡನೆಯದಕ್ಕೆ, ಎರಡರದೂ ಮೂರನೆಯದಕ್ಕೆ ಹೋಗಿ ಕೊನೆಯ ತೊಟ್ಟಿಯ ಮೀನು ಉಸಿರಿಗಾಗಿ ಮೇಲೆ ಬಂದು ಬಾಯಿಬಿಡುತ್ತದೆ. ಪ್ರತಿ ತೊಟ್ಟಿಗೂ ಪಂಪಿನಿಂದ ಪ್ರತ್ಯೇಕ ಕವಲು, ಪ್ರತಿ ತೊಟ್ಟಿಯ ಕೋಡಿಯೂ ನೇರವಾಗಿ ಒಂದೇ ದೊಡ್ಡ ಇಳಿಪೈಪಿಗೆ, ಅಲ್ಲಿಂದ ಸಂಪಿಗೆ ಎಂಬ ಕ್ರಮವೇ ಉತ್ತಮ.

ಹಿಂದಕ್ಕೆ ಹೀರುವ ನೀರು

ಮಾರ್ಕೋನಹಳ್ಳಿ ಜಲಾಶಯದಲ್ಲಿ ತಾನಾಗಿ ಕೆಲಸ ಮಾಡುವ ಸೈಫನ್ ವ್ಯವಸ್ಥೆಯಿರುವುದು ಕುಣಿಗಲ್ ಭಾಗದ ಜನರಿಗೆಲ್ಲ ಗೊತ್ತು. ನೀರು ಗೊತ್ತಾದ ಮಟ್ಟವನ್ನು ಮೀರಿದಾಗ, ಗೇಟು ಎತ್ತುವವರಿಲ್ಲದೆಯೇ ಸೈಫನ್ ಆರಂಭವಾಗಿ ಹೆಚ್ಚುವರಿ ನೀರನ್ನು ಹೊರಹಾಕುತ್ತದೆ. ಮಟ್ಟ ಇಳಿದು ಕೊಳವೆಗೆ ಗಾಳಿ ಸೇರಿದಾಗ ನಿಲ್ಲುತ್ತದೆ. ನೀರು ತುಂಬಿದ ಬಾಗುಕೊಳವೆ ಎತ್ತರದಿಂದ ತಗ್ಗಿಗೆ ನೀರನ್ನು ಹೀರುತ್ತಲೇ ಇರುತ್ತದೆ. ಅದನ್ನು ನಿಲ್ಲಿಸುವುದು ಗಾಳಿ ಮಾತ್ರ.

ಜಲಾಶಯದಲ್ಲಿ ಉಪಕಾರಿಯಾದ ಈ ಗುಣವೇ ಮೀನುತೊಟ್ಟಿಯಲ್ಲಿ ಅಪಾಯಕಾರಿ. ಪಂಪಿನಿಂದ ಬರುವ ಪೈಪಿನ ಬಾಯಿ ತೊಟ್ಟಿಯ ನೀರಿನಲ್ಲಿ ಮುಳುಗಿದ್ದರೆ, ಕರೆಂಟು ಹೋದೊಡನೆ ಅದೇ ಪೈಪು ಸೈಫನ್ ಆಗಿ ನೀರನ್ನು ಸಂಪಿಗೆ ಹಿಂದಿರುಗಿಸಲು ತೊಡಗುತ್ತದೆ, ಬಾಯಿ ನೀರಿನಿಂದ ಹೊರಗೆ ಕಾಣುವವರೆಗೂ. ಇದನ್ನು ಒಂದು ಉದಾಹರಣೆಯಿಂದ ನೋಡಬಹುದು.

ತೊಟ್ಟಿಯ ಉದ್ದ 90, ಅಗಲ 45, ಎತ್ತರ 45 ಸೆಂ.ಮೀ. ಇರಲಿ. ಇಂತಹ ತೊಟ್ಟಿಯಲ್ಲಿ 1 ಸೆಂ.ಮೀ. ನೀರೆಂದರೆ ಸುಮಾರು 4 ಲೀಟರ್. ನೀರು 38 ಸೆಂ.ಮೀ. ನಿಂತರೆ ಒಂದು ತೊಟ್ಟಿಗೆ ಸುಮಾರು 154 ಲೀಟರ್. ಹೀಗೆ ನಾಲ್ಕು ತೊಟ್ಟಿಗಳು ಮೇಲೆ, ಅದೇ ಅಳತೆಯ ಒಂದು ತೊಟ್ಟಿ ಕೆಳಗೆ ಸಂಪಾಗಿ ಇದ್ದು, ಪಂಪು ಓಡುತ್ತಿರುವಾಗ ಸಂಪಿನಲ್ಲಿ 20 ಸೆಂ.ಮೀ. ನೀರಿದೆ ಎಂದಿಟ್ಟುಕೊಳ್ಳಿ. ಸಂಪಿನಲ್ಲಿ ಇನ್ನು ಉಳಿದ ಜಾಗ 25 ಸೆಂ.ಮೀ., ಅಂದರೆ ಸುಮಾರು 101 ಲೀಟರ್.

ನಾಲ್ಕೂ ಪೈಪುಗಳ ಬಾಯಿ ನೀರಿನಲ್ಲಿ 10 ಸೆಂ.ಮೀ. ಮುಳುಗಿದ್ದರೆ ಕರೆಂಟು ಹೋದಾಗ ಹಿಂದಿರುಗುವ ನೀರು 162 ಲೀಟರ್. ಸಂಪು ಹಿಡಿಯುವುದು 101. ಉಳಿದ 61 ಲೀಟರ್ ನೆಲದ ಪಾಲು. ಅಲ್ಲಿಗೆ ಮುಗಿಯಲಿಲ್ಲ. ಕರೆಂಟು ಬಂದಾಗ ಮೇಲಿನ ತೊಟ್ಟಿಗಳು ಮತ್ತೆ ತುಂಬಲು ಅದೇ 162 ಲೀಟರ್ ಬೇಕು. ಅಂಚಿನವರೆಗೆ ತುಂಬಿದ ಸಂಪಿನಲ್ಲಿರುವುದು 182. ಸಂಪಿನಲ್ಲಿ ಕೊನೆಗೆ ಉಳಿಯುವುದು 20 ಲೀಟರ್, ಎಂದರೆ 5 ಸೆಂ.ಮೀ. ನೀರು. ಪಂಪು ಗಾಳಿ ಹೀರಲು ಆರಂಭಿಸುತ್ತದೆ. ಎರಡನೆಯ ಸಲ ಕರೆಂಟು ಹೋಗಿ ಬರುವ ಹೊತ್ತಿಗೆ ಪಂಪು ಸುಟ್ಟಿದ್ದರೆ ಆಶ್ಚರ್ಯವಿಲ್ಲ.

ಇದೇ ತೊಟ್ಟಿಗಳಲ್ಲಿ ಪೈಪಿನ ಬಾಯಿ ನೀರಿನ ಮೇಲೆಯೇ ಇದ್ದರೆ? ಕೋಡಿಯ ಅಂಚಿನ ಮೇಲೆ ಹರಿಯುತ್ತಿರುವ 2 ಸೆಂ.ಮೀ. ನೀರು ಮಾತ್ರ ಇಳಿಯುತ್ತದೆ. ನಾಲ್ಕು ತೊಟ್ಟಿಗಳಿಂದ 32 ಲೀಟರ್. ಸಂಪಿನ ಮಟ್ಟ 20ರಿಂದ 28 ಸೆಂ.ಮೀ.ಗೆ ಏರಿ ನಿಲ್ಲುತ್ತದೆ. ಖರ್ಚು ಒಂದು ಕಾಸಿಲ್ಲ. ಪೈಪಿನಿಂದ ಧಾರೆಯಾಗಿ ಬೀಳುವ ನೀರು ಗಾಳಿಯನ್ನೂ ಬೆರೆಸಿಕೊಂಡು ಬರುವುದರಿಂದ ಮೀನಿಗೆ ಆಮ್ಲಜನಕವೂ ಸಿಗುತ್ತದೆ. ಸದ್ದಾಗುತ್ತದೆ ಎಂಬುದೊಂದೇ ದೂರು. ಸದ್ದು ಬೇಡವೆಂದು ಬಾಯಿಯನ್ನು ಮುಳುಗಿಸಲೇಬೇಕಾದರೆ, ಪೈಪಿಗೆ ಕೋಡಿಯ ಅಂಚಿನ ಮಟ್ಟದಲ್ಲಿ 3 ಮಿ.ಮೀ. ತೂತು ಮಾಡಬೇಕು. ನೀರು ಅಲ್ಲಿಗೆ ಇಳಿದಾಗ ಗಾಳಿ ನುಗ್ಗಿ ಸೈಫನ್ ಕಡಿಯುತ್ತದೆ. ಈ ತೂತು ಪಾಚಿಯಿಂದಲೋ ಗಡಸು ನೀರಿನ ಸುಣ್ಣದಿಂದಲೋ ಕಟ್ಟಿಕೊಳ್ಳುತ್ತದೆ; ವಾರಕ್ಕೊಮ್ಮೆ ಕಡ್ಡಿ ಹಾಕಿ ಬಿಡಿಸಬೇಕು. ಹಿಂದಕ್ಕೆ ನೀರು ಬಿಡದ ವಾಲ್ವ್ ಹಾಕಿದರೆ ಸಾಕೆಂದು ಅಂಗಡಿಗಳಲ್ಲಿ ಹೇಳುವುದುಂಟು. ಬೋರ್‌ವೆಲ್ ನೀರಿನಲ್ಲಿ ಆ ವಾಲ್ವಿನ ತಟ್ಟೆಗೂ ಸುಣ್ಣ ಕಟ್ಟುತ್ತದೆ, ಒಂದು ದಿನ ಅದು ಪೂರ್ತಿ ಮುಚ್ಚುವುದಿಲ್ಲ. ಅದನ್ನು ನಂಬಿ ಲೆಕ್ಕ ಹಾಕಬಾರದು.

ಎರಡು ರಂಧ್ರ

ಕೋಡಿ ಕಟ್ಟಿಕೊಂಡರೆ ಏನಾಗುತ್ತದೆ ಎಂಬುದನ್ನೂ ಮೊದಲೇ ಯೋಚಿಸಬೇಕು. ಮರಿಗಳು ಕೊಚ್ಚಿಹೋಗದಂತೆ ಕೋಡಿಯ ಬಾಯಿಗೆ ಸ್ಪಂಜು ಅಥವಾ ಜಾಲರಿ ಹಾಕಲೇಬೇಕು. ಅದು ಒಂದಲ್ಲ ಒಂದು ದಿನ ಎಲೆ, ಪಾಚಿ, ಸತ್ತ ಮೀನಿನಿಂದ ಮುಚ್ಚಿಹೋಗುತ್ತದೆ. ಗಂಟೆಗೆ ಎರಡು ಬಾರಿ ನೀರು ತಿರುಗಬೇಕೆಂದು ಪ್ರತಿ ತೊಟ್ಟಿಗೆ ಸುಮಾರು 308 ಲೀಟರ್ ಬಿಡುತ್ತಿದ್ದರೆ, ನೀರಿನ ಮೇಲೆ ಉಳಿದ 7 ಸೆಂ.ಮೀ. ಗಾಜು ತುಂಬಲು ಬೇಕಾಗುವುದು ಐದೂವರೆ ನಿಮಿಷ ಮಾತ್ರ. ಆದ್ದರಿಂದ ಪ್ರತಿ ತೊಟ್ಟಿಗೂ ಎರಡು ರಂಧ್ರಗಳಿರಲಿ. ಎರಡನ್ನೂ ಒಂದೇ ಎತ್ತರದಲ್ಲಿ ಕೊರೆದು, ಎರಡನೆಯದಕ್ಕೆ ಒಳಗಡೆ ಮೇಲ್ಮುಖವಾಗಿ ಎಲ್ಬೋ ಹಾಕಿ, ಅದರ ಬಾಯಿ ಓಡುವ ನೀರಿಗಿಂತ 2-3 ಸೆಂ.ಮೀ. ಮೇಲಿರುವಂತೆ ನೋಡಿಕೊಳ್ಳಬೇಕು. ಅದು ಸದಾ ಒಣಗಿಯೇ ಇರಬೇಕು. ಅದರಲ್ಲಿ ನೀರು ಬೀಳುವ ಸದ್ದು ಕೇಳಿದರೆ ಮೊದಲನೆಯದು ಕಟ್ಟಿಕೊಂಡಿದೆ ಎಂದರ್ಥ.

ಪೈಪು 1 ಅಂಗುಲದ್ದಿದ್ದರೆ ಈ ಹರಿವಿಗೆ ಧಾರಾಳವಾಯಿತು. ಎಲ್ಲವೂ ಕೂಡುವ ಇಳಿಪೈಪು 2 ಅಂಗುಲದ್ದಿರಲಿ. ಪ್ರತಿ ಕೋಡಿಯ ಹೊರಗಡೆ ಒಂದು 'ಟೀ' ಹಾಕಿ ಅದರ ಮೇಲ್ಬಾಯಿಯನ್ನು ಗಾಳಿಗೆ ತೆರೆದಿಟ್ಟರೆ ಇಳಿಪೈಪು ಸೈಫನ್ ಆಗದೆ, ಗೊಳಗೊಳ ಸದ್ದೂ ಇಲ್ಲದೆ ಸಮನಾಗಿ ಹರಿಯುತ್ತದೆ. ಸಂಪಿನಲ್ಲಿ ಮುಳುಗುವ ಪಂಪನ್ನೇ ಬಳಸಿದರೆ ಸಂಪಿನ ಗಾಜಿಗೆ ರಂಧ್ರವೇ ಬೇಡ. ಪಂಪಿನ ಡಬ್ಬಿಯ ಮೇಲೆ ಬರೆದಿರುವ ಲೀಟರಿನ ಅಂಕಿ ನೀರನ್ನು ಮೇಲಕ್ಕೆ ಎತ್ತದೆ ಅಳೆದದ್ದು. ನಾಲ್ಕೈದು ಅಡಿ ಎತ್ತಬೇಕಾದಾಗ ಬಹಳ ಕಡಿಮೆಯಾಗುತ್ತದೆ. ಎತ್ತರಕ್ಕೆ ತಕ್ಕ ಹರಿವನ್ನು ತೋರಿಸುವ ಪಟ್ಟಿಯನ್ನು ಕೇಳಿ ನೋಡಿ ಕೊಳ್ಳಬೇಕು.

ಗಾಜು ಕೊರೆಯುವ ವಿಧಾನ

ಎಲ್ಲಕ್ಕೂ ಮೊದಲು ಗಾಜು ಯಾವ ಬಗೆಯದೆಂದು ತಿಳಿಯಬೇಕು. ಕಿಟಕಿಗೆ ಹಾಕುವ ಸಾಧಾರಣ ಗಾಜನ್ನು ಕೊರೆಯಬಹುದು. ಕಾಯಿಸಿ ಒಮ್ಮೆಲೆ ತಣಿಸಿ ಗಟ್ಟಿ ಮಾಡಿದ ಟಫನ್ಡ್ ಗಾಜನ್ನು ಕೊರೆಯಲಾಗದು. ಬೈರಿಗೆ ತಾಗಿದೊಡನೆ ಇಡೀ ಹಲಗೆ ಕಾಳು ಕಾಳಾಗಿ ಸಿಡಿಯುತ್ತದೆ. ಇಂತಹ ಗಾಜಿನ ಮೂಲೆಯಲ್ಲಿ ಸಾಮಾನ್ಯವಾಗಿ ಚಿಕ್ಕ ಮುದ್ರೆಯಿರುತ್ತದೆ. ಮುದ್ರೆಯಿಲ್ಲದಿದ್ದರೆ, ಲ್ಯಾಪ್‌ಟಾಪಿನ ಬಿಳಿ ಪರದೆಯ ಮುಂದೆ ಗಾಜು ಹಿಡಿದು ಪೋಲರಾಯ್ಡ್ ತಂಪು ಕನ್ನಡಕದಿಂದ ನೋಡಬೇಕು. ಟಫನ್ಡ್ ಗಾಜಿನಲ್ಲಿ ಕಪ್ಪು ಮಚ್ಚೆ ಅಥವಾ ಪಟ್ಟೆಗಳು ಕಾಣುತ್ತವೆ. ಹಳೆಯ ಮೇಜಿನ ಮೇಲಿದ್ದ ಗಾಜನ್ನು ಅಗ್ಗಕ್ಕೆ ತಂದು ತೊಟ್ಟಿ ಮಾಡುವವರು ಇದನ್ನು ಮರೆಯಬಾರದು.

ಸಿದ್ಧ ತೊಟ್ಟಿಗೆ ರಂಧ್ರ ಕೊರೆಯುವುದಕ್ಕಿಂತ, ಹಲಗೆಗಳನ್ನು ಕತ್ತರಿಸಿ ತಂದು, ಅಂಟಿಸುವ ಮೊದಲೇ ನೆಲದ ಮೇಲೆ ಮಟ್ಟಸವಾಗಿ ಮಲಗಿಸಿ ಕೊರೆಯುವುದು ಸುಲಭ. ಒಡೆದರೆ ನಷ್ಟ ಒಂದು ಹಲಗೆ ಮಾತ್ರ. ಮೇಲೆ ಹೇಳಿದ ಅಳತೆಗೆ, ರಂಧ್ರವಿರುವ ತೊಟ್ಟಿಯಾದ್ದರಿಂದ, 8 ಮಿ.ಮೀ. ಗಾಜು ಸೂಕ್ತ.

ಮೊದಲು ಪಿವಿಸಿ ಟ್ಯಾಂಕ್ ನಿಪ್ಪಲ್ ಕೊಂಡು ಅದರ ಮರೆಯ ಹೊರಸುತ್ತನ್ನು ಅಳೆದು, ಅದಕ್ಕಿಂತ 1-2 ಮಿ.ಮೀ. ದೊಡ್ಡದಾದ ವಜ್ರದ ಪುಡಿ ಲೇಪಿಸಿದ ಬಳೆ ಬೈರಿಗೆಯನ್ನು ತರಬೇಕು. ಬೈರಿಗೆ ತಂದಾದ ಮೇಲೆ ನಿಪ್ಪಲ್ ಹುಡುಕಲು ಹೊರಟರೆ ಹೊಂದುವುದಿಲ್ಲ. ರಂಧ್ರದ ಅಂಚಿಗೂ ಗಾಜಿನ ಅಂಚಿಗೂ ನಡುವೆ ಕಡೆಯ ಪಕ್ಷ ರಂಧ್ರದ ವ್ಯಾಸದಷ್ಟು ಜಾಗವಿರಬೇಕು. 35 ಮಿ.ಮೀ. ರಂಧ್ರವಾದರೆ ಮೇಲಂಚಿನಿಂದ 35 ಮಿ.ಮೀ. ಎರಡು ರಂಧ್ರಗಳ ನಡುವೆಯೂ ಇದಕ್ಕಿಂತ ಕಡಿಮೆ ಬೇಡ.

ಗಾಜಿನ ಕೆಳಗೆ ದಪ್ಪ ಥರ್ಮೋಕೋಲ್ ಹಾಸಿ, ರಂಧ್ರ ಬರುವ ಜಾಗಕ್ಕೆ ಹಿಂಬದಿಯಿಂದ ಅಂಟುಪಟ್ಟಿ ಹಚ್ಚಬೇಕು. ಬಳೆ ಬೈರಿಗೆಗೆ ನಡುವೆ ಮೊನೆಯಿರುವುದಿಲ್ಲವಾದ್ದರಿಂದ ಆರಂಭದಲ್ಲಿ ಜಾರುತ್ತದೆ. ಅದೇ ಅಳತೆಯ ತೂತಿರುವ ಪ್ಲೈವುಡ್ ತುಂಡನ್ನು ಗಾಜಿನ ಮೇಲೆ ಬಿಗಿಹಿಡಿದು, ಗುರುತು ಬೀಳುವವರೆಗೆ ಅದರೊಳಗೆ ತಿರುಗಿಸಿ ಅನಂತರ ತೆಗೆಯಬೇಕು. ಸುತ್ತಲೂ ಜೇಡಿಮಣ್ಣಿನ ಬದು ಕಟ್ಟಿ ನೀರು ನಿಲ್ಲಿಸಬೇಕು. ನೀರು ಬೈರಿಗೆಯನ್ನು ತಣ್ಣಗಿಡುತ್ತದೆ, ಗಾಜಿನ ಪುಡಿ ಏಳದಂತೆ ತಡೆಯುತ್ತದೆ. ಆ ಪುಡಿ ಉಸಿರಿಗೆ ಸೇರಬಾರದು. ಮೂಗಿಗೆ ಬಟ್ಟೆ, ಕಣ್ಣಿಗೆ ಕನ್ನಡಕ ಅವಶ್ಯ.

ಯಂತ್ರವನ್ನು ಕಡಿಮೆ ವೇಗದಲ್ಲಿ, ಅದರ ತೂಕಕ್ಕಿಂತ ಹೆಚ್ಚು ಒತ್ತಡ ಹಾಕದೆ ತಿರುಗಿಸಬೇಕು. ನೀರು ಬೆಳ್ಳಗಾಗಿ ಹಾಲಿನಂತಾದಾಗ ಬದಲಾಯಿಸಬೇಕು. ಒಂದು ರಂಧ್ರಕ್ಕೆ ಹತ್ತು ನಿಮಿಷ ಹಿಡಿದರೂ ಅವಸರ ಬೇಡ. ಹೆಚ್ಚಿನ ಗಾಜು ಒಡೆಯುವುದು ಕೊನೆಯ ಒಂದು ಮಿ.ಮೀ.ನಲ್ಲಿ, ಇನ್ನೇನು ಮುಗಿಯಿತೆಂದು ಒತ್ತಿದಾಗ. ಅಲ್ಲಿ ಯಂತ್ರವನ್ನು ಕೊಂಚ ಮೇಲಕ್ಕೆ ಎತ್ತಿಹಿಡಿದಂತೆಯೇ ಕೊರೆದರೆ ದುಂಡು ಬಿಲ್ಲೆ ತಾನಾಗಿ ಬಿಡುತ್ತದೆ. ನೀರು ಮತ್ತು ಕರೆಂಟು ಒಟ್ಟಿಗಿರುವ ಕೆಲಸವಾದ್ದರಿಂದ ಬ್ಯಾಟರಿಯ ಯಂತ್ರವನ್ನೇ ಬಳಸುವುದು ಕ್ಷೇಮ. ಧೈರ್ಯವಿಲ್ಲದವರು ತುಮಕೂರಿನಂಥ ಊರಿನ ಗಾಜಿನ ಅಂಗಡಿಗಳಲ್ಲಿ ವಿಚಾರಿಸಿ, ಅಳತೆ ಬರೆದುಕೊಟ್ಟು ಕೊರೆಸಿಕೊಳ್ಳಬಹುದು.

ರಂಧ್ರದ ಒಳಸುತ್ತನ್ನು ನೀರು ಹಾಕಿ ನಯವಾದ ಉಜ್ಜುಕಾಗದದಿಂದ ಉಜ್ಜಿದ ಮೇಲೆ ನಿಪ್ಪಲ್ ಕೂರಿಸಬೇಕು. ಅದರ ಅಗಲ ಬಾಯಿ ಮತ್ತು ರಬ್ಬರು ವಾಷರ್ ಒಳಗಡೆ, ನಟ್ಟು ಹೊರಗಡೆ. ಕೈಯಿಂದ ಬಿಗಿದು, ಮೇಲೆ ಕಾಲು ಸುತ್ತು ಸಾಕು. ಕಬ್ಬಿಣದ ಪೈಪಿನಂತೆ ಪಾನಾ ಹಾಕಿ ಬಿಗಿದರೆ ಗಾಜು ಅಂದೇ ಒಡೆಯದಿದ್ದರೂ ಮುಂದೊಂದು ದಿನ ರಂಧ್ರದಿಂದ ಬಿರುಕು ಹೊರಡುತ್ತದೆ. ಹಲಗೆ ಅಂಟಿಸಲು ಶಿಲೀಂಧ್ರನಾಶಕ ಸೇರಿಸಿದ ಬಚ್ಚಲುಮನೆಯ ಸಿಲಿಕೋನ್ ಬೇಡ. ಅದು ಮೀನಿಗೆ ವಿಷ.

ನೀರು ತುಂಬಿದ ಒಂದು ತೊಟ್ಟಿ, ಗಾಜೂ ಸೇರಿ, ಸುಮಾರು 190 ಕಿ.ಗ್ರಾಂ. ತೂಗುತ್ತದೆ. ನಾಲ್ಕಕ್ಕೆ ಏಳೂವರೆ ಕ್ವಿಂಟಾಲಿಗೂ ಮೇಲೆ. ಸ್ಟ್ಯಾಂಡು ಮತ್ತು ನೆಲ ಈ ಭಾರಕ್ಕೆ ತಕ್ಕಂತಿರಲಿ, ರಸಮಟ್ಟ ಇಟ್ಟು ನೋಡಿರಿ.

ಒಂದು ನೀರು, ಒಂದು ರೋಗ

ಬೋರ್‌ವೆಲ್ ನೀರಿನಲ್ಲಿ ಸೋಪು ನೊರೆ ಬಾರದೆ, ಬೇಳೆ ಬೇಯದೆ ಇದ್ದರೆ ಅದು ಗಡಸು ನೀರು. ಇದರಲ್ಲಿ ಗಪ್ಪಿ, ಮೊಲ್ಲಿ, ಪ್ಲೇಟಿ, ಸ್ವೋರ್ಡ್‌ಟೇಲ್‌ಗಳಂತಹ ಮರಿಹಾಕುವ ಮೀನುಗಳು ಚೆನ್ನಾಗಿಯೇ ಬೆಳೆಯುತ್ತವೆ. ಹೊಸಬರಿಗೆ ಇವೇ ಸರಿ. ತುಮಕೂರು ನಗರದ ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುವುದರಿಂದ ಒಂದು ದಿನ ಗಾಳಿಯಾಡಿಸಿ ಬಳಸಬೇಕು. ರೇಷ್ಮೆಹುಳು ಸಾಕಿದ್ದ ಮನೆಯನ್ನು ಮೀನಿಗೆ ಬಳಸುವ ಕುಣಿಗಲ್ ಭಾಗದವರು ಬ್ಲೀಚಿಂಗ್ ಪುಡಿ, ಫಾರ್ಮಾಲಿನ್‌ಗಳ ಅಂಶ ಹೋಗುವಂತೆ ಗೋಡೆ, ನೆಲ ತೊಳೆದು ಕೆಲವು ದಿನ ಗಾಳಿಗೆ ಬಿಡಬೇಕು. ಔಷಧಿ ಸಿಂಪಡಿಸುವ ಪಂಪನ್ನು ಆ ಕೋಣೆಯೊಳಗೆ ತರಲೇಬಾರದು.

ತೊಟ್ಟಿಗಳನ್ನು ಜೋಡಿಸಿದ ಮೇಲೆ ರೋಗವೂ ಜೋಡಣೆಯಾಗಿರುತ್ತದೆ. ಒಂದು ತೊಟ್ಟಿಗೆ ಬಿಳಿ ಚುಕ್ಕೆ ರೋಗ ಬಂದರೆ ಎಲ್ಲಕ್ಕೂ ಬರುತ್ತದೆ. ಒಂದಕ್ಕೆ ಹಾಕಿದ ಔಷಧಿ ಎಲ್ಲಕ್ಕೂ ಹರಡಿ, ಸೋಸುವ ಭಾಗದಲ್ಲಿ ಅಮೋನಿಯಾ ಕರಗಿಸುವ ಉಪಯುಕ್ತ ಬ್ಯಾಕ್ಟೀರಿಯಾಗಳನ್ನೂ ಕೊಲ್ಲಬಹುದು. ಪೈಪಿಗೆ ಸೇರದ ಒಂದು ಪ್ರತ್ಯೇಕ ತೊಟ್ಟಿ ಇರಲೇಬೇಕು. ಹೊಸದಾಗಿ ಕೊಂಡ ಮೀನು ಎರಡು ಮೂರು ವಾರ ಅದರಲ್ಲಿ ಕಳೆದ ಮೇಲೆಯೇ ಸಾಲಿಗೆ ಸೇರಲಿ. ಅದರ ಬಲೆ, ಬಕೆಟ್ಟುಗಳೂ ಬೇರೆಯಾಗಿರಲಿ.

ಪೇಟೆಯಲ್ಲಿ ಸಮುದ್ರದ ಮೀನು ಮತ್ತು ಹವಳದ ತೊಟ್ಟಿಯ ಹವ್ಯಾಸವೂ ಬೆಳೆದಿದೆ. ಅದರ ಪೈಪಿನ ಜೋಡಣೆಯೂ ಇದೇ ಬಗೆಯದು. ಆದರೆ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುವ ನೀರಿನಲ್ಲಿ ಹಿತ್ತಾಳೆ, ತಾಮ್ರದ ಒಂದು ನಲ್ಲಿಯಿದ್ದರೂ ಹವಳ ಸಾಯುತ್ತದೆ. ನೀರು ಆವಿಯಾದಂತೆ ಸಂಪಿನ ಮಟ್ಟ ಮಾತ್ರ ಇಳಿದು ಉಪ್ಪು ಹೆಚ್ಚುವುದರಿಂದ ದಿನವೂ ಸಿಹಿನೀರನ್ನೇ ಸೇರಿಸಬೇಕು. ಬೇಸಿಗೆಯಲ್ಲಿ ನೀರು ತಣಿಸುವ ಯಂತ್ರವಿಲ್ಲದೆ ಇದು ಈ ಸೀಮೆಯಲ್ಲಿ ನಡೆಯದು. ನಮ್ಮ ಕಡಲಿನ ಹವಳಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಲಾಗಿದ್ದು, ಅವನ್ನು ತೆಗೆಯುವುದೂ ಮಾರುವುದೂ ಅಪರಾಧ. ರೈತ ಕುಟುಂಬದ ಉಪಕಸುಬಾಗಿ ಇದನ್ನು ಶಿಫಾರಸು ಮಾಡುವಂತಿಲ್ಲ.

ಮೀನು ಬಿಡುವ ಮೊದಲು

ಅಂಟು ಪೂರ್ತಿ ಒಣಗಿದ ಮೇಲೆ ನೀರು ತುಂಬಿ ಎರಡು ದಿನ ಬರಿದೇ ಓಡಿಸಬೇಕು. ಪಂಪಿನ ತಂತಿ ಪ್ಲಗ್ಗಿಗಿಂತ ಕೆಳಗೆ ಜೋತುಬಿದ್ದು ಮತ್ತೆ ಮೇಲೇರುವಂತಿರಲಿ. ತಂತಿಯ ಮೇಲೆ ಜಾರುವ ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ, ಪ್ಲಗ್ಗಿಗೆ ಹೋಗದು. ಈ ಕೋಣೆಯ ಸಾಲಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸದೆ ಒದ್ದೆ ಕೈಯಲ್ಲಿ ದುಡಿಯುವುದು ಪ್ರಾಣಕ್ಕೆ ಸಂಚಕಾರ.

ಆಮೇಲೆ ಬೇಕೆಂದೇ ಸ್ವಿಚ್ಚು ಆರಿಸಿ ಹತ್ತು ನಿಮಿಷ ನೋಡಬೇಕು. ಸಂಪಿನಲ್ಲಿ ನೀರು ಏರಿ ನಿಂತ ಜಾಗಕ್ಕೆ ಒಂದು ಗೆರೆ ಎಳೆಯಿರಿ. ಅದು ಅಂಚಿಗಿಂತ ನಾಲ್ಕು ಬೆರಳು ಕೆಳಗಿಲ್ಲದಿದ್ದರೆ ಸಂಪಿನ ನೀರು ತೆಗೆದು ಮತ್ತೆ ಪರೀಕ್ಷಿಸಬೇಕು. ಸ್ವಿಚ್ಚು ಹಾಕಿ, ಎಲ್ಲ ಕೋಡಿಗಳೂ ಹರಿಯತೊಡಗಿದ ಮೇಲೆ ಸಂಪಿನ ನೀರು ನಿಂತ ಮಟ್ಟಕ್ಕೆ ಇನ್ನೊಂದು ಗೆರೆ. ಮುಂದೆ ಸಂಪಿಗೆ ನೀರು ಸೇರಿಸುವಾಗ, ಪಂಪು ಓಡುತ್ತಿರುವಾಗಲೇ ಸೇರಿಸಿ, ಈ ಎರಡನೆಯ ಗೆರೆಯನ್ನು ದಾಟದಂತೆ ನೋಡಿಕೊಳ್ಳಬೇಕೆಂದು ಮನೆಯ ಎಲ್ಲರಿಗೂ ತಿಳಿಸಿರಬೇಕು. ಕೊನೆಗೆ ಒಂದು ಕೋಡಿಯ ಬಾಯಿಗೆ ಬಟ್ಟೆ ತುರುಕಿ, ಎರಡನೆಯ ರಂಧ್ರ ಅಷ್ಟೂ ನೀರನ್ನು ಹೊರುತ್ತದೆಯೇ ಎಂದು ಕಾಲು ಗಂಟೆ ಎದುರು ನಿಂತು ನೋಡಬೇಕು. ಇಷ್ಟು ಆದ ಮೇಲೆಯೂ ಸೋಸುವ ಭಾಗದ ಬ್ಯಾಕ್ಟೀರಿಯಾಗಳು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಆವರೆಗೆ ತೊಟ್ಟಿಗೆ ನಾಲ್ಕೈದು ಮೀನುಗಳಿಗಿಂತ ಹೆಚ್ಚು ಬಿಡಬಾರದು.